ಕಿತ್ತುಹೋದ ಕಾಡತೂಸಿನ ಕೇಸು, ಆರೋಪ ಹೊತ್ತ ರೈಫಲ್: ಇಶಾಪುರದ ಒಂದು ತ್ರೀ ನಾಟ್ ತ್ರೀ ಪ್ರಕರಣ

ಈ ಪ್ರಕರಣ ನಡೆದದ್ದು ಅಮೆರಿಕದಲ್ಲಿ. ರೈಫಲ್ ಮಾತ್ರ ನಮ್ಮ ದೇಶದ್ದು. ಪಶ್ಚಿಮ ಬಂಗಾಳದಲ್ಲಿ ಹೂಗ್ಲಿ ನದಿ ದಂಡೆಯ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ 1943ರಲ್ಲಿ ತಯಾರಾದ ಲೀ-ಎನ್‌ಫೀಲ್ಡ್, ನಂಬರ್ 1 ಮಾರ್ಕ್ 3 ಸ್ಟಾರ್. ಜನ ತ್ರೀ ನಾಟ್ ತ್ರೀ ಅನ್ನುವ ಹಳೇ .303 ಮಿಲಿಟರಿ ರೈಫಲ್ ಇದೇ. ಮಾಲೀಕರು ಹಳೇ ಮೈಸೂರು ಕಡೆಯ ಕನ್ನಡಿಗರು. ಅವರ ಹೆಸರು, ಊರು, ಅವರಿರುವ ರಾಜ್ಯ, ಕ್ಲಬ್ಬಿನ ಹೆಸರು ಯಾವುದನ್ನೂ ಬರೆದಿಲ್ಲ. ನಾನು ಅವರು ಹೋಗುವ ಶೂಟಿಂಗ್ ರೇಂಜಿಗೇ ಹೋಗುವವನು, ಪಕ್ಕದಲ್ಲಿದ್ದು ನೋಡಿದವನು. ಹಳೇ ಮಿಲಿಟರಿ ರೈಫಲ್ ಇಟ್ಟುಕೊಂಡು ಹಾರಿಸುವವರಿಗೆ ಇದು ಉಪಯೋಗಕ್ಕೆ ಬರಬಹುದು ಅಂತ ಮಾಲೀಕರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಕಾಲೇಜಿನಲ್ಲಿ ಅವರು ಎನ್‌ಸಿಸಿ ಸೇರಿದ್ದರು. ಆಗ ಕೈಗೆ ಕೊಟ್ಟದ್ದು ಡಿಪಿ ಗುರುತಿನ ತ್ರೀ ನಾಟ್ ತ್ರೀ. ಅಂದರೆ ಕವಾಯತಿಗೆ ಮಾತ್ರ, ಗುಂಡು ಹಾರಿಸುವ ಹಾಗಿಲ್ಲ. ಅದನ್ನು ಹೊತ್ತು 'ಬಾಜು ಶಸ್ತ್ರ', 'ಸಲಾಮಿ ಶಸ್ತ್ರ' ಮಾಡಿದ್ದೇ ಮಾಡಿದ್ದು. ಕ್ಯಾಂಪಿನಲ್ಲಿ ಹಾರಿಸಿದ್ದು ಬರೀ .22. ನಾಲ್ಕು ಕಿಲೋ ತೂಕ ಎಷ್ಟು ಅಂತ ಭುಜಕ್ಕೆ ಚೆನ್ನಾಗಿ ಗೊತ್ತಿತ್ತು, ಸದ್ದು ಹೇಗಿರುತ್ತದೆ ಅಂತ ಕಿವಿಗೆ ಗೊತ್ತಿರಲಿಲ್ಲ. ಭಾರತದಲ್ಲಿ ಆ ಆಸೆ ತೀರುವುದು ಕಷ್ಟ. .303 ಅಲ್ಲಿ ನಿಷೇಧಿತ ಬೋರ್, ಅಂದರೆ ನಾಗರಿಕರಿಗೆ ಸಿಗದ ನಳಿಗೆ ಅಳತೆ. ಲೈಸೆನ್ಸ್ ಇರುವ ನಾಗರಿಕರಿಗೆ ಸಿಗುವುದು ಅದೇ ಇಶಾಪುರದವರು ಅದೇ ನಮೂನೆಯಲ್ಲಿ ಮಾಡಿದ .315 ಸ್ಪೋರ್ಟಿಂಗ್ ರೈಫಲ್.

ಅಮೆರಿಕಕ್ಕೆ ಹೋದ ಮೇಲೂ ತಕ್ಷಣ ಕೊಳ್ಳಲಿಲ್ಲ. ಎಚ್-1ಬಿ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಲ್ಲಿನ ಫೆಡರಲ್ ಕಾನೂನಿನಲ್ಲಿ ತಡೆ ಇದೆ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಹಾಗೆ ಮಾಡಿದವರೂ ಇದ್ದಾರೆ. ಇವರು ಮಾತ್ರ "ಬೇಟೆ ಆಡೋದಿಲ್ಲ, ಸುಮ್ನೆ ಲೈಸೆನ್ಸ್ ಯಾಕೆ" ಅಂತ ಗ್ರೀನ್ ಕಾರ್ಡ್ ಬರುವವರೆಗೆ ಕಾದರು. ನನ್ನ ಕೇಳಿದರೆ ಸರಿಯಾದ ನಿರ್ಧಾರ. ಈ ಹವ್ಯಾಸದಲ್ಲಿ ಕಾಗದಪತ್ರದ ತೊಂದರೆ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ.

1980ರ ದಶಕದ ನಡುವೆ ಹಳೇ ಮಿಲಿಟರಿ ಬಂದೂಕುಗಳ ಆಮದಿಗೆ ಅಮೆರಿಕ ಮತ್ತೆ ಬಾಗಿಲು ತೆರೆಯಿತು. ಆಗ ಭಾರತದ ಗೋದಾಮುಗಳಿಂದಲೂ ರಾಶಿಗಟ್ಟಲೆ ಲೀ-ಎನ್‌ಫೀಲ್ಡ್ ಬಂದವು. ಅಂಥವು ಎರಡು ಒಂದು ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿ ಇದ್ದವು. ಒಂದಕ್ಕೆ ಮುಂಭಾಗದ ಮರದ ಸುತ್ತ ತಂತಿ ಸುತ್ತಿ ಬೆಸುಗೆ ಹಾಕಿದ್ದರು. ನೋಡಲು ಬಲು ಚೆನ್ನಾಗಿತ್ತು, ಬೆಲೆಯೂ ಕಡಿಮೆ. ಆದರೆ ಆ ತಂತಿ ಅಲಂಕಾರಕ್ಕೆ ಸುತ್ತಿದ್ದಲ್ಲ. ಕೈಬಾಂಬು ಎಸೆಯಲು ಬಳಸಿದ ರೈಫಲ್‌ಗಳಿಗೆ ಹಾಗೆ ಸುತ್ತುತ್ತಿದ್ದರು. ನಳಿಗೆ ಸಿಡಿದರೆ ಸಿಪಾಯಿಯ ಕೈ ಉಳಿಯಲಿ ಅಂತ. ಸೇನೆಯೇ ಅವುಗಳಲ್ಲಿ ಮಾಮೂಲಿ ಗುಂಡು ಹಾರಿಸುವುದನ್ನು ತುರ್ತಿಗೆ ಮಾತ್ರ ಇಟ್ಟುಕೊಂಡಿತ್ತು. ಗೋಡೆಗೆ ತೂಗುಹಾಕುವವರಿಗೆ ಅದು ಒಳ್ಳೆಯ ಮಾಲು. ಹಾರಿಸಬೇಕು ಅನ್ನುವವರಿಗಲ್ಲ. ಮಾಲೀಕರು ಸಾದಾ ಇದ್ದದ್ದನ್ನೇ ತಗೊಂಡರು.

ಅದರ ಹಿಂದಿನ ಮರ ಸೇರುವ ಲೋಹದ ಕಾಲರಿನ ಮೇಲೆ ಕಿರೀಟ, ಕೆಳಗೆ 'ಜಿಆರ್‌ಐ' (ಚಕ್ರವರ್ತಿ ಜಾರ್ಜ್‌ನ ಗುರುತು), ಇಶಾಪುರ, ಇಸವಿ. ನಳಿಗೆ, ಮೂತಿಪಟ್ಟಿ, ಹಿಂದಿನ ಸೈಟು ಎಲ್ಲದರ ನಂಬರು ಒಂದೇ. ಬೋಲ್ಟಿನ, ಅಂದರೆ ಕಾಡತೂಸನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗದ, ಹಿಡಿಯ ಮೇಲಿನ ನಂಬರು ಮಾತ್ರ ಬೇರೆ. ಎಲ್ಲೋ ಯಾವುದೋ ಡಿಪೋದಲ್ಲಿ ಬೋಲ್ಟ್ ಅದಲುಬದಲಾಗಿದೆ. ಮಾಲೀಕರು ಅದನ್ನು ಕೊಳ್ಳುವಾಗಲೇ ನೋಡಿದ್ದರು. ಚೌಕಾಸಿಗೆ ಬಳಸಿಕೊಂಡರು, ಆಮೇಲೆ ಮರೆತರು. ಮುಂದೆ ನಡೆದ ಜಗಳಕ್ಕೆಲ್ಲ ಆ ನಂಬರೇ ಮೂಲ.

ಒಂದು ಪರಿಹಾರ, ಅದರಿಂದ ಹುಟ್ಟಿದ ಮುಂದಿನ ಸಮಸ್ಯೆ

ಮೊದಲು ಮರ ಬಿಚ್ಚಿ ಗ್ರೀಸು ತೆಗೆಯಬೇಕಿತ್ತು. ಇಲ್ಲಿ ಬಹಳ ಜನ ಎಡವುತ್ತಾರೆ. ಈ ರೈಫಲ್‌ನಲ್ಲಿ ಹಿಂದಿನ ಬಟ್ಟನ್ನು (ಭುಜಕ್ಕೆ ಆನಿಸುವ ಮರ) ಹಿಡಿದಿರುವ ಉದ್ದನೆಯ ತಿರುಪುಮೊಳೆಯ ತುದಿ ಚೌಕವಾಗಿರುತ್ತದೆ. ಅದು ಮುಂದಿನ ಮರದೊಳಗಿನ ಒಂದು ಪಟ್ಟಿಯಲ್ಲಿ ಕೂತಿರುತ್ತದೆ. ಮುಂದಿನ ಮರ ತೆಗೆಯದೆ ಹಿಂದಿನಿಂದ ತಿರುಪಿದರೆ ಮರ ಸೀಳುತ್ತದೆ. ಮಾಲೀಕರು ಓದಿಕೊಂಡು ಬಂದಿದ್ದರು, ಮುಂದಿನ ಮರವನ್ನೇ ಮೊದಲು ಬಿಚ್ಚಿದರು. ಸ್ಯಾಂಡ್‌ಪೇಪರ್ ಹಿಡಿಯುವ ಆಸೆಯನ್ನೂ ತಡೆದುಕೊಂಡರು. ಬಿಸಿನೀರಿನ ಬಟ್ಟೆ, ಅಗಸೆ ಎಣ್ಣೆ, ಅಷ್ಟೇ.

ಹಾರಿಸಲು ಸಿಕ್ಕಿದ್ದು ದಶಕಗಳ ಹಿಂದಿನ ಮಿಲಿಟರಿ ಕಾಡತೂಸು. ಒಳಗೆ ಕಾರ್ಡೈಟ್ ಅನ್ನುವ ಹಳೇ ಬಗೆಯ ಮದ್ದು. ಕೆಟ್ಟ ಒಂದನ್ನು ಬಿಚ್ಚಿ ನೋಡಿದರೆ ಶ್ಯಾವಿಗೆ ಎಳೆಗಳ ಹಾಗೆ ಉದ್ದುದ್ದ ಕಡ್ಡಿಗಳು. ಅದರ ಪ್ರೈಮರಿನಲ್ಲಿ, ಅಂದರೆ ಪಿನ್ ಹೊಡೆದಾಗ ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲಿನಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ನಳಿಗೆಯಲ್ಲಿ ಒಂಥರಾ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಬ್ರಿಟಿಷ್ ಸಿಪಾಯಿಗಳು ಆಲಿಕೆ ಇಟ್ಟು ಕುದಿಯುವ ನೀರು ಸುರಿಯುತ್ತಿದ್ದುದು ಅದಕ್ಕೇ. ಮಾಲೀಕರೂ ರೇಂಜಿನಿಂದ ಬಂದವರೇ ಕೆಟಲ್ ಇಡುತ್ತಿದ್ದರು. "ಟೀ ಯಾರಿಗೂ ಇಲ್ಲ, ಬಂದೂಕಿಗೆ ಸ್ನಾನ" ಅಂತ ಅವರ ಹೆಂಡತಿ ತಮಾಷೆ ಮಾಡುತ್ತಿದ್ದರಂತೆ.

ತುಕ್ಕಿಗೆ ನೀರಿತ್ತು. ಇನ್ನೊಂದು ತೊಂದರೆಗೆ ಮದ್ದಿರಲಿಲ್ಲ. ಟ್ರಿಗರ್ ಒತ್ತಿದರೆ 'ಟಿಕ್'. ಒಂದು ಗಳಿಗೆ ಏನೂ ಇಲ್ಲ. ಆಮೇಲೆ 'ಢಂ'. ಹಳೇ ಪ್ರೈಮರ್ ಸತ್ತೂ ಸಾಯದ ಸ್ಥಿತಿಗೆ ಬಂದಾಗ ಹೀಗಾಗುತ್ತದೆ. ಆ ಗಳಿಗೆಯಲ್ಲಿ ಯಾರಾದರೂ ಹಾರಲಿಲ್ಲ ಅಂದುಕೊಂಡು ಬೋಲ್ಟ್ ತೆಗೆದರೆ ಕಥೆ ಮುಗಿಯಿತು. ಮೂತಿಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಅವರು ಕಾಯುತ್ತಿದ್ದರು. ಆದರೆ ಹತ್ತರಲ್ಲಿ ಎರಡು ಮೂರು ಹೀಗೆ ಆಗತೊಡಗಿದಾಗ ಆ ಪೆಟ್ಟಿಗೆಯನ್ನೇ ಬದಿಗಿಟ್ಟರು.

ಹೊಸ ಕಾರ್ಖಾನೆ ಕಾಡತೂಸು ದುಬಾರಿ. ಹಾಗಾಗಿ ತಾವೇ ತುಂಬಲು ಶುರು ಮಾಡಿದರು. ಹೊಸ ಹಿತ್ತಾಳೆ ಕೇಸು (ಕಾಡತೂಸಿನ ಹೊರಕವಚ) ತಂದು, ಪುಸ್ತಕದಲ್ಲಿ ಹೇಳಿದ ಅತಿ ಕಡಿಮೆ ಅಳತೆಯ ಮದ್ದು ಹಾಕಿ, 174 ಗ್ರೇನ್ ತೂಕದ ಗುಂಡು ಕೂರಿಸಿದರು. ಹಾರಿಸಿದ ಕೇಸನ್ನು ಮತ್ತೆ ತುಂಬುವ ಮೊದಲು ಡೈ ಅನ್ನುವ ಅಚ್ಚಿನಲ್ಲಿ ಒತ್ತಿ ಅಳತೆಗೆ ತರಬೇಕು. ಡೈ ಜೊತೆ ಬಂದ ಚೀಟಿಯಲ್ಲಿ ಪೂರ್ತಿ ಕೆಳಗಿನವರೆಗೆ ಒತ್ತಿ ಅಂತ ಇತ್ತು. ಹಾಗೇ ಒತ್ತಿದರು. ಸೂಚನೆ ತಪ್ಪದ ಮನುಷ್ಯ.

ಆ ಶನಿವಾರ

ಹಾಗೆ ಮತ್ತೆ ತುಂಬಿದ ಒಂದು ಕಾಡತೂಸು. ಗುಂಡು ಹಾರಿತು, ಗುರಿಗೂ ಬಿತ್ತು. ಸದ್ದಿನಲ್ಲಿ ವ್ಯತ್ಯಾಸ ಇರಲಿಲ್ಲ. ಎಡಗೆನ್ನೆಗೆ ಸಣ್ಣ ಬಿಸಿಗಾಳಿ ತಾಗಿದ ಹಾಗಾಯಿತು ಅಂತ ಆಮೇಲೆ ಹೇಳಿದರು. ಕನ್ನಡಕ ಹಾಕಿದ್ದರು. ಬೋಲ್ಟ್ ಎಳೆದಾಗ ಹೊರಬಿದ್ದದ್ದು ಕೇಸಿನ ಹಿಂದಿನ ಒಂದು ಸೆಂಟಿಮೀಟರ್ ಮಾತ್ರ. ಉಂಗುರದ ಹಾಗೆ ಕತ್ತರಿಸಿಹೋಗಿತ್ತು. ಅವರು ಅದನ್ನು ನೋಡಲಿಲ್ಲ, ಬೆಂಚಿನಿಂದ ಕೆಳಗೆ ಉರುಳಿತು. ಮುಂದಿನ ಕಾಡತೂಸು ತಳ್ಳಿದರು. ಅರ್ಧಕ್ಕೆ ನಿಂತಿತು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ತಿರುವು ಇದೇ. ಅರ್ಧಕ್ಕೆ ನಿಂತ ಬೋಲ್ಟನ್ನು ಅಂಗೈಯಿಂದ ಗುದ್ದಿ ಕೂರಿಸುವ ಚಟ ನಮ್ಮಲ್ಲಿ ಎಷ್ಟೋ ಜನಕ್ಕೆ ಇದೆ. ಅವರು ಗುದ್ದಲಿಲ್ಲ. ಕಾಡತೂಸು ತೆಗೆದರು, ಮ್ಯಾಗಜಿನ್ ಬಿಚ್ಚಿದರು, ಬೋಲ್ಟನ್ನೂ ಹೊರಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರು. ಚೇಂಬರಿನಲ್ಲಿ, ಅಂದರೆ ಕಾಡತೂಸು ಕೂರುವ ಜಾಗದಲ್ಲಿ, ಕಿತ್ತುಹೋದ ಕೇಸಿನ ಉಳಿದ ಹಿತ್ತಾಳೆ ಕೊಳವೆ ಹೊಳೆಯುತ್ತಿತ್ತು. ಅದನ್ನು ತೆಗೆಯಲು ಸೇನೆಯಲ್ಲಿ ಒಂದು ಪ್ರತ್ಯೇಕ ಉಪಕರಣವೇ ಇತ್ತು. ನಮ್ಮ ಹತ್ತಿರ ಇರಲಿಲ್ಲ. ರೇಂಜಿನಲ್ಲಿದ್ದ ನಿವೃತ್ತ ಮೆಕ್ಯಾನಿಕ್ ಅಜ್ಜ ಒಂದು ದಪ್ಪ ಕಂಚಿನ ಬ್ರಷ್ ತಂದರು. ಹಿಂದಿನಿಂದ ಕೊಳವೆಯೊಳಗೆ ಬಿಗಿಯಾಗಿ ತಳ್ಳಿ, ಮೂತಿಯ ಕಡೆಯಿಂದ ಸಲಾಕೆ ಹಾಕಿ ಹಿಂದಕ್ಕೆ ಒತ್ತಿದರು. ಬ್ರಷ್ಷಿನ ಮುಳ್ಳುಗಳಿಗೆ ಸಿಕ್ಕಿಕೊಂಡು ಕೊಳವೆ ಹೊರಗೆ ಬಂತು.

ಆರೋಪ

ಸುತ್ತ ಸೇರಿದವರ ತೀರ್ಪು ಐದು ನಿಮಿಷದಲ್ಲಿ ಬಂತು. ಭಾರತದ ಉಕ್ಕು ಅಲ್ವಾ, ಹೀಗೇ ಆಗೋದು. ಬೋಲ್ಟ್ ನಂಬರೂ ಬೇರೆ, ಇನ್ನೇನು ಬೇಕು? ಒಬ್ಬರು ಇಶಾಪುರದವರು .303 ರೈಫಲ್‌ಗಳನ್ನೇ ಕೊರೆದು 7.62 ಮಿ.ಮೀ. ಮಾಡಿದರಂತೆ, ಅಂಥವರನ್ನು ನಂಬುವುದು ಹೇಗೆ ಅಂದರು. ಇದು ಬಹಳ ಓಡಾಡುವ ಮಾತು, ಆದರೆ ಸುಳ್ಳು. 1962ರ ಚೀನಾ ಯುದ್ಧದ ನಂತರ ಬಂದ 7.62ರ 2ಎ ಮತ್ತು 2ಎ1 ರೈಫಲ್‌ಗಳು ಹೊಸದಾಗಿ, ಇನ್ನೂ ಗಟ್ಟಿ ಉಕ್ಕಿನಲ್ಲಿ ಮಾಡಿದವು.

ಇನ್ನೊಂದು ವಿಷಯ ಹೇಳಲೇಬೇಕು. ರೈಫಲನ್ನು ಎಲ್ಲರಿಗಿಂತ ಜೋರಾಗಿ ಬೈದ ಸದಸ್ಯರೇ ಸಂಜೆ ಮಾಲೀಕರ ಕಾರಿನ ಹತ್ತಿರ ಬಂದು, "ಗೋಡೆಗೆ ಹಾಕಿಕೊಳ್ಳುತ್ತೇನೆ, ನೂರೈವತ್ತು ಡಾಲರಿಗೆ ಕೊಡಿ" ಅಂದರು. ಕೊಂಡ ಬೆಲೆಯ ಅರ್ಧಕ್ಕಿಂತ ಕಡಿಮೆ. ಮನೆಯಲ್ಲೂ "ಕೊಟ್ಟುಬಿಡ್ರೀ, ಮುಖದ ಹತ್ತಿರ ಇಟ್ಕೊಂಡು ಹಾರಿಸೋದು ಅದನ್ನ" ಅಂದರಂತೆ. ಆ ಮಾತಿಗೆ ಉತ್ತರ ಇರಲಿಲ್ಲ. ಮಾಲೀಕರು ನನಗೆ ಫೋನ್ ಮಾಡಿದಾಗ ಅರ್ಧ ಮನಸ್ಸು ಮಾರಾಟದ ಕಡೆಗೇ ಇತ್ತು.

"ಮಾರೋದಾದ್ರೆ ಮಾರಿ ಸಾರ್, ಆದ್ರೆ ಏನಾಗಿದೆ ಅಂತ ಗೊತ್ತಿಲ್ದೇ ಇನ್ನೊಬ್ಬರ ಕೈಗೆ ಹೇಗೆ ಕೊಡ್ತೀರಿ?" ಅಂದೆ. ಅಳತೆ ಮಾಡುವವರೆಗೆ ಹಾರಿಸುವುದೂ ಇಲ್ಲ, ಮಾರುವುದೂ ಇಲ್ಲ, ಬಿಡಿಭಾಗ ಬದಲಿಸುವುದೂ ಇಲ್ಲ ಅಂತ ತೀರ್ಮಾನ ಆಯಿತು.

ಅಳತೆ

.303 ಕೇಸಿನ ಹಿಂಬದಿಗೆ ಹೊರಚಾಚಿದ ಅಂಚು ಇದೆ. ಆ ಅಂಚು ನಳಿಗೆಯ ಹಿಂಭಾಗಕ್ಕೆ ತಗುಲಿ ನಿಲ್ಲುತ್ತದೆ. ಅಲ್ಲಿಂದ ಬೋಲ್ಟಿನ ಮುಖದವರೆಗಿನ ಜಾಗವೇ ಹೆಡ್‌ಸ್ಪೇಸ್. ಅಳೆಯಲು ಗಟ್ಟಿ ಉಕ್ಕಿನ ಗೇಜುಗಳು ಸಿಗುತ್ತವೆ. 'ಗೋ' 0.064 ಇಂಚು, ಇದರ ಮೇಲೆ ಬೋಲ್ಟ್ ಮುಚ್ಚಲೇಬೇಕು. 'ನೋ-ಗೋ' 0.067, ಇದರ ಮೇಲೆ ಮುಚ್ಚದಿದ್ದರೆ ಒಳ್ಳೆಯದು. 'ಫೀಲ್ಡ್' 0.070, ಇದರ ಮೇಲೆ ಮುಚ್ಚಿದರೆ ಹಾರಿಸಬೇಡಿ ಅಂತ ಅರ್ಥ. ಇವು ಅಮೆರಿಕದ ವಾಣಿಜ್ಯ ಅಳತೆಗಳು. ಬ್ರಿಟಿಷ್ ಸೇನೆಯ ಮಿತಿ 0.074 ಇತ್ತು. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಎಕ್ಸ್‌ಟ್ರಾಕ್ಟರ್ (ಕೇಸನ್ನು ಹೊರಗೆಳೆಯುವ ಕೊಕ್ಕೆ) ಬಿಚ್ಚಿ, ಒಂದೇ ಬೆರಳಲ್ಲಿ ಬೋಲ್ಟ್ ಇಳಿಸಿ ನೋಡಿದೆವು. ಹಿಡಿ ಹಿಡಿದು ಒತ್ತಿದರೆ ಯಾವ ಗೇಜಿನ ಮೇಲಾದರೂ ಮುಚ್ಚಿಕೊಳ್ಳುತ್ತದೆ, ಅದು ಅಳತೆಯಲ್ಲ. ಗೋ ಮೇಲೆ ಮುಚ್ಚಿತು. ನೋ-ಗೋ ಮೇಲೂ ಮುಚ್ಚಿತು. ಅಲ್ಲಿ ಮಾಲೀಕರ ಮುಖ ಸಪ್ಪಗಾಯಿತು. ಫೀಲ್ಡ್ ಮೇಲೆ ಮುಚ್ಚಲಿಲ್ಲ. ನೋ-ಗೋ ಗೇಜಿನ ಹಿಂದೆ ಸೆಲ್ಲೋಟೇಪಿನ ಒಂದು ಪದರ ಅಂಟಿಸಿದಾಗ ಹಿಡಿ ಅರ್ಧದಲ್ಲೇ ನಿಂತಿತು. ಹಾಗಾದರೆ 0.068ರ ಆಸುಪಾಸು. ವಾಣಿಜ್ಯ ಲೆಕ್ಕದಲ್ಲಿ ಸ್ವಲ್ಪ ಸಡಿಲ. ಸೇನೆಯ ಲೆಕ್ಕದಲ್ಲಿ ಆರೋಗ್ಯವಾಗಿದೆ.

ಆಮೇಲೆ ಕೇಸುಗಳ ಅಂಚು ಅಳೆದೆವು. ಅಲ್ಲಿ ಕಥೆ ಬೇರೆ ಇತ್ತು. 0.064ಕ್ಕೆ ಹತ್ತಿರ ಇರಬೇಕಾದ ಅಂಚು 0.057 ಇತ್ತು. ಗೋ ಗೇಜಿಗೆ ಇಂಚಿನ ನಾಲ್ಕು ಸಾವಿರಾಂಶ ಸಡಿಲ ಇದ್ದ ಜಾಗ ಈ ಕೇಸಿಗೆ ಹನ್ನೊಂದು ಸಾವಿರಾಂಶ ಸಡಿಲ. ರೈಫಲನ್ನು ಎಷ್ಟೇ ಅಳೆದರೂ ಇದು ಕಾಣುತ್ತಿರಲಿಲ್ಲ.

ಅದೇ ಸಲದಲ್ಲಿ ತುಂಬಿ ಹಾರಿಸಿದ, ಇನ್ನೂ ಕಿತ್ತುಹೋಗದ ಒಂದು ಕೇಸನ್ನು ವೈಸಿಗೆ ಹಿಡಿದು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದೆವು. ಹೊರಗೆ ಅಂಚಿನಿಂದ ಒಂದು ಸೆಂಟಿಮೀಟರ್ ಮೇಲೆ ಸಣ್ಣ ಹೊಳಪಿನ ಗೆರೆ. ಒಳಗೆ ನೋಡಿದರೆ ಅದೇ ಜಾಗದಲ್ಲಿ ಸುತ್ತಲೂ ಒಂದು ಕಾಲುವೆ, ಗೋಡೆ ಅಲ್ಲಿ ಮಾತ್ರ ಅರ್ಧಕ್ಕರ್ಧ ತೆಳ್ಳಗೆ. ಮೇಲೂ ಕೆಳಗೂ ಹಿತ್ತಾಳೆ ದಪ್ಪಗೇ ಇತ್ತು. ಮಾಲೀಕರು ಅದರ ಮೇಲೆ ಉಗುರು ಆಡಿಸಿ ನೋಡಿ, "ಇದು ಒಂದೇ ಸಲಕ್ಕೆ ಆಗಿದ್ದಲ್ಲ" ಅಂದರು.

ನಿಜ. ಪಿನ್ ಹೊಡೆದಾಗ ಕೇಸು ಮುಂದಕ್ಕೆ ಸರಿದು ಅಂಚಿನ ಮೇಲೆ ನಿಲ್ಲುತ್ತದೆ. ಹಿಂದೆ ಸಂದು ಉಳಿಯುತ್ತದೆ. ಮದ್ದು ಉರಿದಾಗ ಕೇಸಿನ ತೆಳು ಗೋಡೆ ಉಬ್ಬಿ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ದಪ್ಪ ತಳ ಮಾತ್ರ ಒತ್ತಡಕ್ಕೆ ಹಿಂದೆ ಸರಿದು ಬೋಲ್ಟಿಗೆ ತಗಲುತ್ತದೆ. ಲೀ-ಎನ್‌ಫೀಲ್ಡ್ ಬೋಲ್ಟಿನ ಹಲ್ಲುಗಳು ಹಿಂದೆ ಇರುವುದರಿಂದ ಬೋಲ್ಟೂ ಒಂದಿಷ್ಟು ಕುಗ್ಗುತ್ತದೆ. ಮುಂದಿನದು ಕಚ್ಚಿದೆ, ಹಿಂದಿನದು ಸರಿದಿದೆ, ಮಧ್ಯದ ಹಿತ್ತಾಳೆ ಎಳೆಯುತ್ತದೆ. ಇದು ಒಂದು ಸಲ ಆದರೆ ತೊಂದರೆ ಇಲ್ಲ. ಉಬ್ಬಿದ ಕೇಸು ಈಗ ಚೇಂಬರಿನ ಅಳತೆಗೇ ಬಂದಿರುತ್ತದೆ. ಮುಂದಿನ ಸಲ ಅದರ ಭುಜವೇ (ಕುತ್ತಿಗೆಯ ಕೆಳಗಿನ ಇಳಿಜಾರು) ಅದನ್ನು ಹಿಂದೆ ಒತ್ತಿ ಹಿಡಿಯುತ್ತದೆ. ಆದರೆ ಪೂರ್ತಿ ಒತ್ತುವ ಡೈ ಆ ಭುಜವನ್ನು ಮತ್ತೆ ಹಿಂದಕ್ಕೆ ತಳ್ಳುತ್ತದೆ. ಕೆಸರು ಮೆತ್ತಿದ ಕಾಡತೂಸೂ ಒಳಗೆ ಹೋಗಲಿ ಅಂತ ಸೇನೆಯವರು ಚೇಂಬರನ್ನು ಧಾರಾಳವಾಗಿ ಕೊರೆದಿದ್ದರು. ಡೈ ಮಾಡುವವರು ಅತಿ ಸಣ್ಣ ಚೇಂಬರಿಗೂ ಹೊಂದಲಿ ಅಂತ ಬಿಗಿಯಾಗಿ ಮಾಡುತ್ತಾರೆ. ಇಬ್ಬರದೂ ತಪ್ಪಲ್ಲ. ನಡುವೆ ಸಿಕ್ಕಿ ಸವೆದದ್ದು ಹಿತ್ತಾಳೆ.

ಪರೀಕ್ಷೆ

ಊಹೆ ಸರಿ ಇದ್ದರೆ ರೈಫಲ್‌ಗೆ ಕೈ ಹಚ್ಚದೆ ಬರೀ ತುಂಬುವ ಕ್ರಮ ಬದಲಿಸಿದರೂ ಸಮಸ್ಯೆ ಹೋಗಬೇಕು. ಅಜ್ಜನಿಗೆ ಇದು ಇಷ್ಟವಾಗಲಿಲ್ಲ. ಬೋಲ್ಟ್ ಹೆಡ್ (ಬೋಲ್ಟಿಗೆ ತಿರುಪಿ ಕೂರಿಸುವ ಮುಂದಿನ ತುದಿ) ಬದಲಿಸಿ, ಡೈಯನ್ನೂ ಬದಲಿಸಿ, ಎಲ್ಲ ಒಟ್ಟಿಗೆ ಮಾಡಿ ಮುಗಿಸಿ ಅಂದರು. ಹಾಗೆ ಮಾಡಿದ್ದರೆ ತೊಂದರೆ ಹೋಗುತ್ತಿತ್ತು. ಯಾವುದರಿಂದ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಒಂದೇ ಪೆಟ್ಟಿಗೆಯ ಹೊಸ ಕೇಸುಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಹಳೇ ಕ್ರಮ. ಇನ್ನೊಂದಕ್ಕೆ ಮೊದಲ ಸಲ ಹಾರಿಸುವಾಗ ಕೇಸಿನ ಅಂಚಿನ ಮುಂದೆ ತೆಳ್ಳನೆಯ ರಬ್ಬರ್ ಓ-ರಿಂಗ್ ಹಾಕಿದರು. ಬೋಲ್ಟ್ ಮುಚ್ಚಿದಾಗ ಅದು ಅಮುಕಿಕೊಂಡು ಕೇಸನ್ನು ಬೋಲ್ಟಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ, ಸಂದೇ ಇರುವುದಿಲ್ಲ. ಆಮೇಲಿನ ಸಲಗಳಲ್ಲಿ ಕುತ್ತಿಗೆಯನ್ನು ಮಾತ್ರ ಒತ್ತುವ ಡೈ ಬಳಸಿದರು. ಭುಜ ಮುಟ್ಟಲಿಲ್ಲ. ಎರಡೂ ಪಾಲಿಗೆ ಮದ್ದು, ಗುಂಡು, ರೈಫಲ್ ಒಂದೇ.

ಪ್ರತಿ ಸಲ ಹಾರಿಸಿದ ಮೇಲೆ ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಚೂಪು ಕೊಕ್ಕೆಯಾಗಿ ಬಗ್ಗಿಸಿ, ಕೇಸಿನೊಳಗೆ ತಳದಿಂದ ಮೇಲಕ್ಕೆ ಎಳೆದು ನೋಡುವುದು. ಕಾಲುವೆ ಶುರುವಾಗಿದ್ದರೆ ಕೊಕ್ಕೆ ಅಲ್ಲಿ ತಡೆಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ, ಹಳೇ ರೈಫಲ್‌ಗೆ ಕೇಸು ತುಂಬುವ ಪ್ರತಿಯೊಬ್ಬರೂ ಮಾಡಬೇಕು. ಹಳೇ ಕ್ರಮದ ಪಾಲಿನಲ್ಲಿ ಮೂರನೇ ಸುತ್ತಿಗೇ ಕೊಕ್ಕೆ ತಡೆಯತೊಡಗಿತು. ಅಲ್ಲಿಗೇ ಅವನ್ನು ಹಾರಿಸುವುದು ನಿಲ್ಲಿಸಿದರು. ಇನ್ನೊಂದು ಪಾಲು ಎಂಟನೇ ಸುತ್ತಿಗೂ ಒಳಗೆ ನುಣುಪಾಗಿಯೇ ಇತ್ತು. ಜೊತೆಗೆ ಗುರಿಯೂ ಸುಧಾರಿಸಿತು. ನೂರು ಗಜದಲ್ಲಿ ಆರಿಂಚಿನ ಗುಂಪು ನಾಲ್ಕಕ್ಕೆ ಇಳಿಯಿತು. ಅದು ಯಾರೂ ಕೇಳಿದ್ದಲ್ಲ, ಕೊಸರಾಗಿ ಸಿಕ್ಕಿದ್ದು.

ಬೋಲ್ಟ್ ಹೆಡ್

ಅಜ್ಜ ಪಟ್ಟು ಬಿಡಲಿಲ್ಲ. ತಮ್ಮ ಡಬ್ಬಿಯಿಂದ ಕೆಲವು ಹಳೇ ಬೋಲ್ಟ್ ಹೆಡ್ ತಂದೇಬಿಟ್ಟರು. ಲೀ-ಎನ್‌ಫೀಲ್ಡಿನ ಆಮೇಲಿನ ನಮೂನೆಯಾದ ನಂಬರ್ 4 ರೈಫಲ್‌ಗಾದರೆ ಬೋಲ್ಟ್ ಹೆಡ್ ಮೇಲೆ 0ಯಿಂದ 3ರವರೆಗೆ ಅಂಕಿ ಇರುತ್ತದೆ, ಉದ್ದ ಬೇಕಾದರೆ ಮುಂದಿನ ಅಂಕಿ ಹಾಕಿದರಾಯಿತು. ಈ ನಂಬರ್ 1 ರೈಫಲ್‌ಗೆ ಅಂಥ ಅಂಕಿ ಇಲ್ಲ, ಒಂದೊಂದಾಗಿ ಹಾಕಿ ನೋಡಬೇಕು. ಒಂದು ಸಿಕ್ಕಿತು. ನೋ-ಗೋ ಮೇಲೆ ಮುಚ್ಚಲಿಲ್ಲ, ಅಂದರೆ ಅಳತೆ ಚೊಕ್ಕಟ. ಅಜ್ಜ ಖುಷಿಯಾದರು. ಆದರೆ ಆ ಹೆಡ್ಡನ್ನು ಬೋಲ್ಟಿಗೆ ಪೂರ್ತಿ ತಿರುಪಿದಾಗ ಅದು ಬೋಲ್ಟಿನ ಏಣನ್ನು ದಾಟಿ ತುಂಬಾ ಆಚೆ ತಿರುಗುತ್ತಿತ್ತು. ಇಪ್ಪತ್ತು ಡಿಗ್ರಿಗಿಂತ ಜಾಸ್ತಿ ತಿರುಗಬಾರದು ಅನ್ನುವುದು ಆರ್ಮರರ್‌ಗಳ, ಅಂದರೆ ಸೇನೆಯ ಬಂದೂಕು ರಿಪೇರಿಯವರ, ಲೆಕ್ಕ. ಇದು ಅದರ ಎರಡರಷ್ಟು ತಿರುಗಿತ್ತು. ಹೆಡ್‌ಸ್ಪೇಸ್ ಸರಿ ಮಾಡಲು ಹೋಗಿ, ಹೊಡೆತವನ್ನು ಬೋಲ್ಟಿನ ಮೈಗೆ ದಾಟಿಸುವ ಜಾಗದಲ್ಲಿ ಹೊಸ ಸಡಿಲ ತಂದ ಹಾಗಾಗುತ್ತಿತ್ತು.

ಮಾಲೀಕರು ಹಳೇ ಹೆಡ್ಡನ್ನೇ ವಾಪಸ್ ಹಾಕಿದರು. ಅಜ್ಜ ಈಗಲೂ ಒಪ್ಪಿಲ್ಲ. ಇನ್ನೂ ಹುಡುಕಿದ್ದರೆ ಸರಿಯಾದದ್ದು ಸಿಗುತ್ತಿತ್ತು ಅನ್ನುತ್ತಾರೆ. ಇರಬಹುದು. ನನ್ನ ಅಭಿಪ್ರಾಯದಲ್ಲಿ ಸೇನೆಯ ಮಿತಿಯೊಳಗೆ ಇರುವ, ಪರೀಕ್ಷೆಯಲ್ಲೂ ಗೆದ್ದ ರೈಫಲ್‌ನ ಭಾಗಗಳನ್ನು ಬರೀ ಗೇಜಿನ ಅಂಕಿ ಚೆಂದ ಕಾಣಲಿ ಅಂತ ಬದಲಿಸುವುದು ಬೇಡ. ಬೇರೆ ನಂಬರಿನ ಬೋಲ್ಟ್ ಬಗ್ಗೆ ಎಲ್ಲರೂ ಬೆರಳು ತೋರಿಸಿದರಲ್ಲ, ಗೇಜು ಅದಕ್ಕೆ ಅಷ್ಟೇನೂ ಕೆಟ್ಟ ಮಾತು ಹೇಳಲಿಲ್ಲ. ಹಾಗಂತ ನಂಬರು ಹೊಂದಿದರೆ ಅಳೆಯುವುದೇ ಬೇಡ ಅಂತಲೂ ಅಲ್ಲ. ನಂಬರು ಹೊಂದಿದ್ದೂ ಫೀಲ್ಡ್ ಗೇಜ್ ನುಂಗಿದ ರೈಫಲ್ ಇದೇ ರೇಂಜಿನಲ್ಲಿ ನೋಡಿದ್ದೇನೆ.

ಈಗಿನ ಸ್ಥಿತಿ

ರೈಫಲ್ ಮಾರಲಿಲ್ಲ. ನೂರೈವತ್ತು ಡಾಲರಿನವರು ಇನ್ನೊಂದು ಸಲ ಕೇಳಿ ಸುಮ್ಮನಾದರು. ಅದಾದ ಮೇಲೆ ಮಾಲೀಕರು ಒಂದು ನಂಬರ್ 4 ಕೂಡ ತಗೊಂಡರು. ಅದರಿಂದ ಹೊಸ ಎಚ್ಚರ ಬೇಕಾಯಿತು. ಕುತ್ತಿಗೆ ಮಾತ್ರ ಒತ್ತಿದ ಕೇಸು ಅದನ್ನು ಹಾರಿಸಿದ ರೈಫಲ್‌ಗೆ ಮಾತ್ರ ಹೊಂದುತ್ತದೆ, ಇನ್ನೊಂದರಲ್ಲಿ ಬೋಲ್ಟ್ ಮುಚ್ಚದೇ ಇರಬಹುದು. ಅದಕ್ಕೆ ಇಶಾಪುರದ ಕೇಸುಗಳು ಹಸಿರು ಡಬ್ಬಿಯಲ್ಲಿ, ನಂಬರ್ 4ರದು ಕೆಂಪು ಡಬ್ಬಿಯಲ್ಲಿ. ಪ್ರತಿ ಡಬ್ಬಿಯ ಮೇಲೆ ಎಷ್ಟನೇ ಸುತ್ತು ಅಂತ ಪೆನ್ಸಿಲಿನಲ್ಲಿ ಗೀಟು. ನೆಲಕ್ಕೆ ಬಿದ್ದು ಯಾವುದು ಯಾರದು ಅಂತ ಗೊತ್ತಾಗದ ಕೇಸು ನೇರ ಗುಜರಿಗೆ.

ರೈಫಲ್ ಜೊತೆ ಒಂದು ಚೀಟಿಯೂ ಇದೆ. ಅಳೆದ ತಾರೀಖು, ಯಾವ ಗೇಜಿನ ಮೇಲೆ ಮುಚ್ಚಿತು, ಯಾವುದರ ಮೇಲೆ ಮುಚ್ಚಲಿಲ್ಲ, ಬೋಲ್ಟ್ ನಂಬರು ಬೇರೆ ಅನ್ನುವ ಮಾತು, ಹಳೇ ಕೇಸು ಎಲ್ಲಿ ಕಿತ್ತುಹೋಯಿತು ಅನ್ನುವ ವಿವರ. ವರ್ಷಕ್ಕೊಮ್ಮೆ ಅದೇ ಗೇಜಿನಲ್ಲಿ ನೋಡಿ ಚೀಟಿಗೆ ಸೇರಿಸುತ್ತಾರೆ. 0.070ರ ಮೇಲೆ ಮುಚ್ಚಿದ ದಿನ ಹಾರಿಸುವುದು ನಿಲ್ಲಿಸಿ, ಅಜ್ಜನ ಡಬ್ಬಿ ಮತ್ತೆ ತರಿಸುವುದು ಅಂತ ಕೆಳಗೆ ಬರೆದಿದ್ದಾರೆ.